ಬೆಕ್ಕಿನ ತಟ್ಟೆಯ ಅನ್ನ



ನಿಮ್ಮ ಮನೆಯಲ್ಲಿ ಬೆಕ್ಕು ಇದೆಯೇ? ಇದ್ದರೆ ಇಂದು ಅದರ ತಟ್ಟೆಗೆ ಏನು ಹಾಕಿದಿರಿ? ಇದೆಂತಹ ಕ್ಷುಲ್ಲಕ ಪ್ರಶ್ನೆ ಎಂದು ಪುಟ ಮಗುಚಬೇಡಿ. ಒಂದು ಬೆಕ್ಕಿನ ನಿಮಿತ್ತ ನರಕಕ್ಕೆ ಗುರಿಯಾದ ಸ್ತ್ರೀಯ ಕುರಿತ ಹದೀಸನ್ನು ನಾವೆಲ್ಲರೂ ಬಾಲ್ಯದಲ್ಲೇ ಮದ್ರಸದಲ್ಲಿ ಕೇಳಿದವರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಅದು ವರದಿಯಾಗಿದೆ. ಆಕೆ ಬೆಕ್ಕನ್ನು ಕೂಡಿಹಾಕಿದಳು. ತಾನಾಗಿ ಆಹಾರ ನೀಡಲಿಲ್ಲ. ನೆಲದ ಹುಳುಹುಪ್ಪಟೆಗಳನ್ನಾದರೂ ತಿಂದು ಬದುಕಿಕೊಳ್ಳಲೆಂದು ಬಿಟ್ಟೂ ಕೊಡಲಿಲ್ಲ. ಇದು ಆಕೆಯ ಮೇಲಿನ ಆರೋಪ.

ಈ ಹದೀಸನ್ನು ನಾನು ಅನೇಕ ವರ್ಷ ಮಕ್ಕಳಿಗೆ ಪಾಠ ಮಾಡಿದ್ದೇನೆ. ಆಕೆ ಉಪವಾಸ ಕೆಡವಿದಳು, ನಾವು ಕೆಡವುವುದಿಲ್ಲ, ಆದ್ದರಿಂದ ಈ ಮಾತು ನಮಗಲ್ಲ ಎಂದೇ ನನ್ನ ಮನಸ್ಸು ಒಳಗೊಳಗೆ ನಿಶ್ಚಿಂತವಾಗಿತ್ತು. ಹುಳುಹುಪ್ಪಟೆಯ ಮಾತು ಏಕೆ ಬಂತೆಂದು ಯೋಚಿಸಿರಲೇ ಇಲ್ಲ.

ನಾಲ್ಕು ವರ್ಷಗಳ ಹಿಂದೆ ನಾವು ಊರು ಬಿಟ್ಟು ಪಟ್ಟಣದ ಬಾಡಿಗೆ ಮನೆಗೆ ಬಂದೆವು. ಎರಡನೆಯ ಮಹಡಿ. ಮಗಳ ಹಟಕ್ಕೆ ಬೆಕ್ಕೂ ಜೊತೆಗೆ ಬಂತು. ಅದು ಮೆಟ್ಟಿಲಿಗೆ ಇಳಿಯಬಾರದೆಂಬುದು ಮನೆ ಮಾಲಕರ ಷರತ್ತು. ಕಿಟಕಿಗಳಿಗೆ ಬಲೆ ಹೊಡೆಸಿದೆವು. ಊರಿನಲ್ಲಿ ಅದಕ್ಕೆ ಹಾಕುತ್ತಿದ್ದುದು ಹಾಲು ಕಲಸಿದ ಅನ್ನ, ಇಲ್ಲಿಯೂ ಅದೇ. ಕೆಲವೊಮ್ಮೆ ದೋಸೆಯ ಚೂರು. ಊರಿನಲ್ಲಿ ಅದು ಆ ಅನ್ನ ತಿಂದು ಹಿತ್ತಿಲಿಗೆ ಹೋಗಿ ಇಲಿ, ಓತಿಕ್ಯಾತ, ಮೀನಿನ ಕರುಳು ಹುಡುಕಿಕೊಳ್ಳುತ್ತಿತ್ತೆಂಬುದು ನಮಗೆ ಲೆಕ್ಕಕ್ಕೇ ಬರಲಿಲ್ಲ. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಬೆಕ್ಕು ಕಿಟಕಿಗೆ ಹಾರಲು ಹೋಗಿ ಗೋಡೆಗೆ ಬಡಿಯತೊಡಗಿತು. ಹಗಲು ಬೆಳಕಿನಲ್ಲೂ ಅದರ ಕಣ್ಣಪಾಪೆ ಅಗಲವಾಗಿಯೇ ಇರುತ್ತಿತ್ತು. ಪಶುವೈದ್ಯರು ಪರೀಕ್ಷಿಸಿ, ಏನು ತಿನ್ನಿಸುತ್ತೀರಿ ಎಂದು ಕೇಳಿದರು. ನಾನು ತುಸು ಹೆಮ್ಮೆಯಿಂದಲೇ, ನಾವು ಉಣ್ಣುವುದನ್ನೇ, ಎಂದೆ. ಕಣ್ಣಿನ ಅಕ್ಷಿಪಟ ನಾಶವಾಗಿದೆ, ಇನ್ನು ಮರಳಿ ಬಾರದು ಎಂದರು.

ನಾವು ಉಣ್ಣುವುದನ್ನೇ ಎಂಬ ಆ ಹೆಮ್ಮೆ ಎಲ್ಲಿಂದ ಬಂತು? ಕೈಕೆಳಗಿನವರಿಗೆ ತಾನು ಉಣ್ಣುವುದನ್ನೇ ಉಣ್ಣಿಸಬೇಕೆಂಬ ಪ್ರವಾದಿ(ಸ)ರ ಬೋಧನೆಯಿಂದಲೇ. ಮನುಷ್ಯರ ನಡುವೆ ಅದು ಶ್ರೇಷ್ಠ ನ್ಯಾಯ. ಯಜಮಾನನ ಹೊಟ್ಟೆಯೂ ಸೇವಕನ ಹೊಟ್ಟೆಯೂ ಒಂದೇ ಬಗೆಯವು. ಅದನ್ನು ನಾನು ಎಲ್ಲಿ ಅನ್ವಯಿಸಬಾರದೋ ಅಲ್ಲಿ ಅನ್ವಯಿಸಿದೆ. ಬೆಕ್ಕಿನ ಹೊಟ್ಟೆ ಬೇರೆ. ಪ್ರಾಣಿಗಳೂ ನಿಮ್ಮಂತೆಯೇ ಸಮುದಾಯಗಳೆಂದು ಪವಿತ್ರ ಕುರ್‌ಆನ್ (6:38) ತಿಳಿಸುತ್ತದೆ. ಒಂದು ಸಮುದಾಯಕ್ಕೆ ಅದರದೇ ಆದ ಬದುಕಿನ ಕ್ರಮವೂ ಇರುತ್ತದಲ್ಲವೇ?

ಹಾಗಾದರೆ ಅನ್ನ ಬೆಕ್ಕಿಗೆ ವಿಷವೇ ಎಂದು ನೀವು ಕೇಳಬಹುದು. ಅಲ್ಲ. ಅಕ್ಕಿ, ಗೋಧಿ, ಜೋಳ, ಆಲೂಗಡ್ಡೆ, ಮರಗೆಣಸು, ಇವೆಲ್ಲವುಗಳ ಮುಖ್ಯಾಂಶ ಪಿಷ್ಟ. ಪಿಷ್ಟವನ್ನು ಒಡೆಯುವ ಕಿಣ್ವ ನಮ್ಮ ಜೊಲ್ಲಿನಲ್ಲೇ ಇದೆ. ಬೆಕ್ಕಿನ ಜೊಲ್ಲಿನಲ್ಲಿ ಅದಿಲ್ಲ. ಮೇದೋಜೀರಕ ಗ್ರಂಥಿಯಲ್ಲಿರುವುದೂ ಸ್ವಲ್ಪವೇ. ಬೆಕ್ಕಿಗೆ ಸಿಹಿ ರುಚಿಯೇ ತಿಳಿಯದು. ಅದಕ್ಕೆ ಬೇಕಾದ ಒಂದು ಜೀನು ಬೆಕ್ಕಿನ ಜಾತಿಯಲ್ಲಿ ಕೆಲಸ ಮಾಡುವುದಿಲ್ಲವೆಂದು 2005ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಆದರೂ ಮೆತ್ತಗೆ ಬೆಂದ ಪಿಷ್ಟದ ಬಹುಪಾಲನ್ನು ಅದು ಜೀರ್ಣಿಸಿಕೊಳ್ಳಬಲ್ಲದು. ಅಂಗಡಿಯಲ್ಲಿ ಸಿಗುವ ಒಣ ಆಹಾರದ ಕಾಳುಗಳು ಉದುರಿಹೋಗದೆ ನಿಲ್ಲುವುದೇ ಬೆಂದ ಪಿಷ್ಟದ ಅಂಟಿನಿಂದ. ಚೀಲದ ಮೇಲೆ ‘ಧಾನ್ಯರಹಿತ’ ಎಂದು ದೊಡ್ಡಕ್ಷರದಲ್ಲಿ ಅಚ್ಚು ಹಾಕಿದವರೂ ಒಳಗೆ ಬಟಾಣಿಯನ್ನೋ ಆಲೂಗಡ್ಡೆಯನ್ನೋ ಹಾಕಿಯೇ ಇರುತ್ತಾರೆ. ಅದೂ ಪಿಷ್ಟವೇ. ಹುಳಿ ಬಂದ ಹಸಿ ಬ್ರೆಡ್ಡಿನ ಹಿಟ್ಟು, ಹಸಿರು ತಿರುಗಿದ ಆಲೂಗಡ್ಡೆ, ಬೇಯಿಸದ ಮರಗೆಣಸು, ಬೂಷ್ಟು ಹಿಡಿದ ಧಾನ್ಯ, ಇವು ನಿಜಕ್ಕೂ ಅಪಾಯಕರ. ಅವುಗಳನ್ನು ನಾವೂ ತಿನ್ನುವುದಿಲ್ಲ. ಪಿಷ್ಟದಿಂದಲೇ ಬೆಕ್ಕಿಗೆ ಸಕ್ಕರೆ ಕಾಯಿಲೆ ಬರುತ್ತದೆಯೇ ಎಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ. ಬೊಜ್ಜು ಮತ್ತು ಚಲನೆಯಿಲ್ಲದ ಬದುಕು ಅದಕ್ಕೆ ದಾರಿ ಮಾಡುತ್ತವೆ ಎಂಬುದರಲ್ಲಿ ಇದೆ.

ಕೇಡು ಇರುವುದು ಅನ್ನದಲ್ಲಿ ಇಲ್ಲದ ವಸ್ತುವಿನಿಂದ. ಟಾರಿನ್ ಎಂಬ ಪದಾರ್ಥವನ್ನು ಮನುಷ್ಯನ ಶರೀರ ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ಶರೀರಕ್ಕೆ ಅದು ಬೇಕಾದಷ್ಟು ಸಾಧ್ಯವಿಲ್ಲ. ಅದು ಸಿಗುವುದು ಮಾಂಸ, ಮೀನುಗಳಲ್ಲಿ. ಧಾನ್ಯದಲ್ಲಿ ಇಲ್ಲವೆಂದೇ ಹೇಳಬೇಕು, ಹಾಲಿನಲ್ಲಿರುವುದು ಸಾಲದು. ಕ್ಯಾರೆಟ್ಟಿನಂಥ ತರಕಾರಿಯಿಂದ ಎ ಜೀವಸತ್ವ ಮಾಡಿಕೊಳ್ಳುವ ಶಕ್ತಿಯೂ ಬೆಕ್ಕಿಗಿಲ್ಲ. ಟಾರಿನ್ ಕೊರತೆಯಿಂದ ಬೆಕ್ಕು ಕುರುಡಾಗುತ್ತದೆಂದು 1975ರಲ್ಲಿ ತಿಳಿಯಿತು. ಅದೇ ಕೊರತೆಯಿಂದ ಹೃದಯ ಹಿಗ್ಗಿ ಸೋತು ಸಾಯುತ್ತದೆಂದು 1987ರಲ್ಲಿ ಅಮೆರಿಕದ ಡೇವಿಸ್ ಎಂಬಲ್ಲಿಯ ಪಶುವೈದ್ಯರು ಪ್ರಕಟಿಸಿದರು. ಆ ಬೆಕ್ಕುಗಳಲ್ಲಿ ಹಲವು ತಿಂದದ್ದು ಅಂದಿನ ನಿಯಮಗಳ ಪ್ರಕಾರವೇ ತಯಾರಾದ, ಪೂರ್ಣ ಆಹಾರವೆಂದು ಬರೆದಿದ್ದ ಡಬ್ಬಿಗಳನ್ನು! ತಯಾರಕರು ಟಾರಿನ್ ಹೆಚ್ಚಿಸಿದ ಮೇಲೆ ಆ ಕಾಯಿಲೆ ಅಪರೂಪವಾಯಿತು.

ನನ್ನನ್ನು ಕಾಡುವ ಪ್ರಶ್ನೆ ಇಲ್ಲಿದೆ. 1987ಕ್ಕೆ ಮುಂಚೆ ಆ ಡಬ್ಬಿ ತೆರೆದು ಪ್ರೀತಿಯಿಂದ ಉಣ್ಣಿಸಿದವನನ್ನು ಯಾರೂ ದೂರಲಾರರು. ಅರಿಯದೆ ಆದುದನ್ನು ಅಲ್ಲಾಹನು ಮನ್ನಿಸುವನೆಂಬ ನಿರೀಕ್ಷೆ ನಮಗಿದೆ. ಆದರೆ ಅವನ ಅಜ್ಞಾನವೂ ನನ್ನ ಅಜ್ಞಾನವೂ ಒಂದೇ ಅಲ್ಲ. ಅವನಿಗೆ ಕೇಳೋಣವೆಂದರೆ ಬಲ್ಲವರೇ ಇರಲಿಲ್ಲ. ನನ್ನ ಮನೆಯಿಂದ ಪಶುವೈದ್ಯರಲ್ಲಿಗೆ ಹತ್ತು ನಿಮಿಷದ ದಾರಿ.

ನನಗೆ ಇನ್ನೊಂದು ನೆಪವೂ ಇಲ್ಲ. ನಾನು ಓದಿದ ಶಾಫಿಈ ಫಿಕ್‌ಹ್ ಗ್ರಂಥಗಳಲ್ಲಿ ಸಾಕುಪ್ರಾಣಿಗಳ ಜೀವನಾಂಶದ ಅಧ್ಯಾಯವಿದೆ. ಕರುವಿಗೆ ಕೊರತೆಯಾಗುವಂತೆ ಹಾಲು ಕರೆಯಬಾರದು. ಜೇನುಹುಳುಗಳಿಗೆ ಬೇಕಾದ ಜೇನನ್ನು ಗೂಡಿನಲ್ಲಿ ಉಳಿಸಬೇಕು. ರೇಷ್ಮೆಹುಳುವಿನ ಮಾತೂ ಅಲ್ಲಿದೆ: ಅದು ಹಿಪ್ಪುನೇರಳೆ ಸೊಪ್ಪಿನಿಂದ ಬದುಕುವ ಜೀವಿ, ಆದ್ದರಿಂದ ಅದರ ಒಡೆಯ ಆ ಸೊಪ್ಪನ್ನೇ ಒದಗಿಸಬೇಕು. ರಾಮನಗರ, ಶಿಡ್ಲಘಟ್ಟದ ಕಡೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹುಳುವಿನ ತಟ್ಟೆಗೆ ಬೇರೆ ಸೊಪ್ಪು ರಾಶಿ ಹಾಕಿ, ನಾನು ಮೇವು ಕೊಟ್ಟಿದ್ದೇನೆ ಎಂದರೆ ಯಾರು ಒಪ್ಪುತ್ತಾರೆ? ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಆ ಪುಟ ನನ್ನ ಅಡುಗೆಮನೆಯವರೆಗೆ ಬರಲೇ ಇಲ್ಲ.

ಹದೀಸಿನ ಆ ಸ್ತ್ರೀಗೆ ಎರಡು ದಾರಿಗಳಿದ್ದವು. ಬಿಟ್ಟುಬಿಟ್ಟಿದ್ದರೆ ಬೆಕ್ಕು ತನಗೆ ತಕ್ಕುದನ್ನು ತಾನೇ ಹುಡುಕಿಕೊಳ್ಳುತ್ತಿತ್ತು. ಕಿಟಕಿಗೆ ಬಲೆ ಹೊಡೆದ ದಿನವೇ ನಾನು ಆ ದಾರಿಯನ್ನು ಮುಚ್ಚಿದ್ದೆ. ಹಿತ್ತಿಲು ನೀಡುತ್ತಿದ್ದುದೆಲ್ಲ ಆ ದಿನದಿಂದ ನನ್ನ ಹೊಣೆಯಾಯಿತು.

ಚೀಲದ ಆಹಾರವನ್ನು ಕೊಂಡು ಹಾಕುವವರಿಗೂ ಒಂದು ಮಾತು. 2007ರ ಮಾರ್ಚ್‌ನಲ್ಲಿ ಕೆನಡಾದ ಒಂದು ಕಂಪೆನಿ ನಾಯಿ ಬೆಕ್ಕುಗಳ ಆಹಾರದ ಸುಮಾರು 6 ಕೋಟಿ ಡಬ್ಬಿ, ಪೊಟ್ಟಣಗಳನ್ನು ಮಾರುಕಟ್ಟೆಯಿಂದ ಹಿಂಪಡೆಯಿತು. ಅವನ್ನು ತಿಂದ ಪ್ರಾಣಿಗಳ ಮೂತ್ರಪಿಂಡಗಳು ಕೆಡುತ್ತಿದ್ದವು. ಚೀನಾದಿಂದ ತರಿಸಿದ್ದ, ಗೋಧಿಯ ಪ್ರೊಟೀನು ಎಂದು ಹೆಸರಿದ್ದ ಪುಡಿಯನ್ನು ಪರೀಕ್ಷಿಸಿದಾಗ ಅದು ಮೆಲಮೈನ್ ಬೆರೆಸಿದ ಬರೀ ಗೋಧಿಹಿಟ್ಟಾಗಿತ್ತು. ಪ್ರೊಟೀನನ್ನು ಅಳೆಯುವುದು ಸಾರಜನಕದ ಲೆಕ್ಕದಲ್ಲಿ. ಮೆಲಮೈನಿನಲ್ಲಿ ಸಾರಜನಕ ಹೇರಳ. ಅಗ್ಗದ ಹಿಟ್ಟನ್ನು ದುಬಾರಿ ಸರಕಾಗಿ ತೋರಿಸಲು ಇಷ್ಟು ಸಾಕಾಯಿತು. ಹಿಟ್ಟು ನಿರಪರಾಧಿ. ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿ(ಸ) ಕೈಯಿಟ್ಟಾಗ ಒಳಗೆ ತೇವ ಸಿಕ್ಕಿತ್ತಷ್ಟೆ. ಮಳೆಗೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಅವರು ವ್ಯಾಪಾರಿಯನ್ನು ಪ್ರಶ್ನಿಸಿದ್ದರು. ಮರು ವರ್ಷ, 2008ರಲ್ಲಿ, ಅದೇ ಮೆಲಮೈನ್ ಚೀನಾದಲ್ಲಿ ಹಸುಗೂಸುಗಳ ಹಾಲಿನ ಪುಡಿಯಲ್ಲಿ ಪತ್ತೆಯಾಯಿತು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, 6 ಮಕ್ಕಳು ಸತ್ತರು. ಬೆಕ್ಕಿನ ಆಹಾರ ತಾನೇ ಎಂದು ಉದಾಸೀನ ಮಾಡಿದವರಿಗೆ ಹೇಳುವುದೇನಿದೆ!

ನೆರೆಮನೆಯ ಮಗು ಹಸಿದಿರುವಾಗ ಬೆಕ್ಕಿಗೆ ಮಾಂಸವೇ ಎಂದು ನೀವು ಆಕ್ಷೇಪಿಸಬಹುದು. ನ್ಯಾಯವಾದ ಆಕ್ಷೇಪ. ದುಬಾರಿ ಚೀಲ ತನ್ನಿರೆಂದು ನಾನು ಹೇಳುತ್ತಿಲ್ಲ. ಹಿತ್ತಿಲಿರುವವರು ಬೆಕ್ಕನ್ನು ಹಿತ್ತಿಲಿಗೆ ಬಿಟ್ಟರೆ ಅನ್ನದ ತುತ್ತಿನಿಂದ ಅದಕ್ಕೆ ಕೇಡಿಲ್ಲ. ಕೂಡಿಹಾಕಿದವರಿಗೆ ಮೀನಿನ ತಲೆ, ಕೋಳಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಹೃದಯ, ತುಸು ಲಿವರ್ ಇವೆ. ಬೇಯಿಸಿ ಕೊಡಿ. ಟಾರಿನ್ ನೀರಿಗೆ ಇಳಿಯುವುದರಿಂದ ಬೇಯಿಸಿದ ನೀರನ್ನು ಚೆಲ್ಲದೆ ಅದರಲ್ಲೇ ಸ್ವಲ್ಪ ಅನ್ನ ಕಲಸಿ. ಬರೀ ಮೀನೂ ಪೂರ್ಣ ಆಹಾರವಲ್ಲ. ಒಮ್ಮೆ ಪಶುವೈದ್ಯರನ್ನು ಕೇಳಿ.

ನಮ್ಮ ಬೆಕ್ಕು ಈಗಲೂ ಇದೆ. ತಟ್ಟೆಯ ಸದ್ದು ಕೇಳಿ, ಗೋಡೆಗೆ ಮೈ ತಾಗಿಸಿಕೊಂಡು ಅಡುಗೆಮನೆಗೆ ಬರುತ್ತದೆ. ಮೊನ್ನೆ ಮಗಳು ಮೀನಿನ ಮುಳ್ಳು ಆರಿಸುತ್ತಾ, ಅಬ್ಬಾ, ನಾಳೆ ಅಲ್ಲಾಹನ ಮುಂದೆ ಇದು ನಮ್ಮ ಮೇಲೆ ದೂರು ಹೇಳುತ್ತದೆಯೇ, ಎಂದು ಕೇಳಿದಳು. ಸಣ್ಣ ಮುಳ್ಳುಗಳನ್ನೂ ಸರಿಯಾಗಿ ನೋಡಿ ತೆಗೆ ಎಂದಷ್ಟೇ ಹೇಳಿದೆ.