ಚಾರಣವು ಅನರ್ಥದಂಡವೇ?

'ಚಾರಣ' ಎಂಬ ಶಬ್ದ ಪುರಾಣಗಳನ್ನು ಓದಿದವರಿಗೆ ಹೊಸದಲ್ಲ. ನೀರು, ಹೂವು, ಎಲೆಗಳ ಮೇಲೆ ನಡೆದರೂ ಅಲ್ಲಿರುವ ಜೀವಿಗಳಿಗೆ ಬಾಧೆಯಾಗದಂತೆ ಸಂಚರಿಸುವ ಶಕ್ತಿಗೆ ಚಾರಣ ಋದ್ಧಿ ಎಂದು ಹೆಸರು. ಅದನ್ನು ಪಡೆದವರು ಚಾರಣ ಮುನಿಗಳು. ಇಂದು ಅದೇ ಶಬ್ದ ಬೇರೊಂದು ಅರ್ಥದಲ್ಲಿ ನಮ್ಮ ಮನೆಗಳಲ್ಲಿ ಕೇಳಿಬರುತ್ತಿದೆ. ಬೆನ್ನಿಗೆ ಚೀಲವೇರಿಸಿ, ಗುಡ್ಡ ಹತ್ತಿಳಿದು, ಜನವಸತಿಯಿಲ್ಲದ ಕಡೆ ಡೇರೆ ಹಾಕಿ ರಾತ್ರಿ ಕಳೆಯುವುದು ಇಂದಿನ ಚಾರಣ. ಮೊದಲನೆಯದರಲ್ಲಿ ಜೀವಬಾಧೆಯೇ ಇಲ್ಲ. ಎರಡನೆಯದರಲ್ಲಿ ಅದು ಎಷ್ಟು, ಅದಕ್ಕೆ ಸಮರ್ಥನೆಯೇನು ಎಂಬುದು ವಿಚಾರಾರ್ಹ ಪ್ರಶ್ನೆ.

ಮಂಗಳೂರಿನ ಯುವಜನರನ್ನು ಸೆಳೆಯುವ ಇಂತಹ ಹಾದಿಗಳಲ್ಲಿ ಕುಮಟಾದಿಂದ ಗೋಕರ್ಣದವರೆಗಿನ ಕಡಲಂಚಿನ ದಾರಿ ಒಂದು. 1998ರ ಜನವರಿ 26ರಂದು ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಮೇಲೆ ಕುಮಟಾಕ್ಕೆ ಹೋಗುವುದು ಕೆಲವೇ ಗಂಟೆಗಳ ಮಾತಾಯಿತು. ಅಲ್ಲಿಂದ ನಡೆದು, ಅಘನಾಶಿನಿ ನದಿಯನ್ನು ದೋಣಿಯಲ್ಲಿ ದಾಟಿ ತದಡಿಗೆ ಬಂದು, ಬೇಲೆಕಾನ ಕಳೆದರೆ ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ತೀರಗಳು ಒಂದಾದ ಮೇಲೊಂದು ಎದುರಾಗುತ್ತವೆ. ಪ್ಯಾರಡೈಸ್ ತೀರಕ್ಕೆ ವಾಹನ ಹೋಗುವ ರಸ್ತೆಯಿಲ್ಲ. ಕಾಲ್ನಡಿಗೆ ಇಲ್ಲವೇ ದೋಣಿಯೇ ಗತಿ. ಹಿಂದೆ ಗುಡ್ಡ, ಮುಂದೆ ಅರಬ್ಬೀ ಸಮುದ್ರ. ಅಲ್ಲಿ ಒಂದು ರಾತ್ರಿ ಇರಬೇಕೆಂಬ ಆಸೆ ಯಾರಿಗಾದರೂ ಹುಟ್ಟುವುದು ಸಹಜ.

ಈ ವಿಷಯದಲ್ಲಿ ಹಿರಿಯರದು ಒಂದು ಮಾತು, ಕಿರಿಯರದು ಇನ್ನೊಂದು. ಇದು ಅನರ್ಥದಂಡ ಎಂಬುದು ಹಿರಿಯರ ಆಕ್ಷೇಪ. ಅದು ನಿರಾಧಾರವಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಪ್ರಮಾದಚರ್ಯೆಯನ್ನು ವಿವರಿಸುವಾಗ ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಕಲಕುವುದು, ಬೆಂಕಿ ಹೊತ್ತಿಸುವುದು, ಗಿಡ ಕಡಿಯುವುದು ಮುಂತಾದವುಗಳ ಸಾಲಿನಲ್ಲಿಯೇ ಸುಮ್ಮನೆ ಅಲೆಯುವುದನ್ನೂ ಇತರರನ್ನು ಅಲೆಸುವುದನ್ನೂ ಸೇರಿಸಿದೆ. ಡೇರೆಯ ಗೂಟ, ಒಲೆಯ ಸೌದೆ, ಶಿಬಿರಾಗ್ನಿ ಇವೆಲ್ಲ ಆ ಪಟ್ಟಿಗೆ ಎಷ್ಟು ಹತ್ತಿರ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಿರಿಯರು ಅಪರಿಗ್ರಹದ ಹೆಸರು ಹೇಳುತ್ತಾರೆ. ಮೂರು ದಿನಕ್ಕೆ ಬೇಕಾದುದೆಲ್ಲ ಒಂದು ಚೀಲದಲ್ಲಿ ಅಡಗುತ್ತದೆ. ಹೆಚ್ಚಾದ ಪ್ರತಿಯೊಂದು ವಸ್ತುವೂ ಹೆಗಲಿಗೆ ತನ್ನ ಭಾರವನ್ನು ತಿಳಿಸುತ್ತದೆ. ಮನೆಯಲ್ಲಿ ಪರಿಗ್ರಹದ ಭಾರ ಹೀಗೆ ಅನುಭವಕ್ಕೆ ಬರುವುದಿಲ್ಲ. ಈ ಮಾತಿನಲ್ಲಿಯೂ ಸತ್ಯವಿದೆ. ಆದರೆ ದಿಗಂಬರ ಮುನಿಗಳು ಪಿಂಛಿ, ಕಮಂಡಲು, ಶಾಸ್ತ್ರಗಳೊಡನೆ ಬರಿಗಾಲಿನಲ್ಲಿ ವಿಹಾರ ಮಾಡುವಾಗ ಅವರಿಗಾಗಿ ಬೀಗ ಹಾಕಿದ ಮನೆಯೊಂದು ಎಲ್ಲಿಯೂ ಕಾದಿರುವುದಿಲ್ಲ. ಚಾರಣಿಗನ ಮನೆ ಕಾದಿರುತ್ತದೆ. ಹಗುರವಾದ ಡೇರೆ, ಹಗುರವಾದ ಹಾಸಿಗೆ ಎಂದು ಅಂಗಡಿಯಲ್ಲಿ ಹೊಸದಾಗಿ ಕೊಂಡಾಗ ಚೀಲದ ತೂಕ ಇಳಿದು ಪರಿಗ್ರಹ ಏರಿದಂತಾಯಿತು. ಆದುದರಿಂದ ಇದನ್ನು ಅಪರಿಗ್ರಹ ಎನ್ನಲಾಗದು; ಹೆಚ್ಚೆಂದರೆ ಅದರ ಅಭ್ಯಾಸ ಎನ್ನಬಹುದು.

ಅಭ್ಯಾಸಕ್ಕೆ ಬೆಲೆಯಿಲ್ಲವೆಂದಲ್ಲ. ಗೃಹಸ್ಥಧರ್ಮವೇ ಪರಿಮಾಣದ ಧರ್ಮ. ಇಷ್ಟು ಕಾಲ, ಇಷ್ಟು ಕ್ಷೇತ್ರ ಎಂದು ತನ್ನ ಸಂಚಾರಕ್ಕೆ ತಾನೇ ಗಡಿ ಹಾಕಿಕೊಳ್ಳುವ ದೇಶವ್ರತವೂ, ಇಷ್ಟೇ ವಸ್ತು ಎಂದು ಮಿತಿ ಮಾಡಿಕೊಳ್ಳುವ ಭೋಗೋಪಭೋಗ ಪರಿಮಾಣವೂ ಗೃಹಸ್ಥನಿಗಾಗಿಯೇ ಇವೆ. ಅಲೆದಾಟಕ್ಕೆ ಗಡಿಯಿಲ್ಲ, ಗಡಿ ಹಾಕಿಕೊಂಡು ಹೊರಟ ನಡಿಗೆಗೆ ಒಂದು ಅರ್ಥ ಒದಗಲು ಸಾಧ್ಯವಿದೆ. ಆದರೆ ಪ್ರಯೋಜನವಿದೆ ಎಂದ ಮಾತ್ರಕ್ಕೆ ಹಿಂಸೆಗೆ ವಿನಾಯಿತಿ ದೊರೆಯುವುದಿಲ್ಲ. ನಡೆಯುವ ರೀತಿಯನ್ನೂ ನೋಡಬೇಕು.

ಇಲ್ಲಿ ಮುನಿಗಳ ಪಂಚಸಮಿತಿಗಳು ಗೃಹಸ್ಥನಿಗೂ ದಾರಿ ತೋರಬಲ್ಲವು. ಈರ್ಯಾಸಮಿತಿ: ಹಗಲಿನಲ್ಲಿಯೇ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಜನ ನಡೆದು ಸವೆದ ದಾರಿಯಲ್ಲಿ ನಡೆಯುವುದು. ಭಾಷಾಸಮಿತಿ: ಹಿತಮಿತವಾದ ಮಾತು, ಧ್ವನಿವರ್ಧಕ ಹೊತ್ತು ಕಾಡಿಗೆ ಹೋಗುವವರು ಇದನ್ನು ನೆನೆಯಬೇಕು. ಏಷಣಾಸಮಿತಿ: ಆಹಾರದಲ್ಲಿ ಶುದ್ಧಿ. ಆದಾನನಿಕ್ಷೇಪಣ ಸಮಿತಿ: ವಸ್ತುವನ್ನು ಎತ್ತುವಾಗ, ಇಡುವಾಗ ನೋಡಿ ಪರಿಮಾರ್ಜನ ಮಾಡುವುದು, ಡೇರೆ ಹಾಕುವ ನೆಲದಲ್ಲಿ ಇರುವೆಯ ಗೂಡು, ಏಡಿಯ ಬಿಲ ಇದೆಯೇ ಎಂದು ನೋಡುವುದು. ಉತ್ಸರ್ಗ ಸಮಿತಿ: ಮಲಮೂತ್ರಗಳನ್ನು ಜೀವಜಂತುಗಳಿಲ್ಲದ ಒಣನೆಲದಲ್ಲಿಯೇ ವಿಸರ್ಜಿಸುವುದು. ನೀರಿನ ನೆಲೆಯಿಂದ ಸುಮಾರು 60 ಮೀಟರ್ ದೂರವಿರಬೇಕೆಂದು ಪರಿಸರಪ್ರಜ್ಞೆಯ ಚಾರಣಿಗರು ಇಂದು ಪಾಲಿಸುವ ನಿಯಮವೂ ಇದೇ ಎಚ್ಚರದಿಂದ ಬಂದುದು.

ಕಡಲತೀರದ ಶಿಬಿರದಲ್ಲಿ ರಾತ್ರಿಭೋಜನ ತ್ಯಾಗಕ್ಕೆ ಇನ್ನೊಂದು ಬೆಲೆಯೂ ಇದೆ. ಕರ್ನಾಟಕದ ಕರಾವಳಿಯಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮರಳಿನಲ್ಲಿ ಮೊಟ್ಟೆಯಿಡುತ್ತವೆ. 2024ರಲ್ಲಿ ಮಂಗಳೂರಿನ ತೀರದಲ್ಲಿಯೂ ಅವುಗಳ ಗೂಡುಗಳು ಕಂಡುಬಂದವು. ಒಂದು ಗೂಡಿನಲ್ಲಿ ನೂರರ ಆಸುಪಾಸಿನಷ್ಟು ಮೊಟ್ಟೆಗಳಿರುತ್ತವೆ. ಸುಮಾರು ಒಂದೂವರೆಯಿಂದ ಎರಡು ತಿಂಗಳಲ್ಲಿ ಹೊರಬರುವ ಮರಿಗಳು ರಾತ್ರಿಯಲ್ಲಿ ಸಮುದ್ರದ ಮೇಲಿನ ಮಂದ ಬೆಳಕನ್ನು ಗುರುತಾಗಿಸಿಕೊಂಡು ನೀರಿನತ್ತ ಸಾಗುತ್ತವೆ. ದಂಡೆಯಲ್ಲಿ ಬೆಂಕಿಯೋ ದೀಪವೋ ಉರಿಯುತ್ತಿದ್ದರೆ ದಾರಿ ತಪ್ಪಿ ಅದರತ್ತ ತಿರುಗಿ ಸಾಯುತ್ತವೆ. ಚಳಿಗಾಲದ ಶಿಬಿರಗಳ ಋತುವೂ ಆಮೆಗಳ ಋತುವೂ ಒಂದೇ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿದವನಿಗೆ ಒಲೆಯೂ ಬೇಡ, ದೀಪವೂ ಬೇಡ. ಕತ್ತಲೆಯಲ್ಲಿ ಕುಳಿತು ಅಲೆಗಳ ಶಬ್ದವನ್ನು ಕೇಳಿದರೆ ಸಾಲದೇ?

ಕಾಲದ ವಿಷಯವೂ ಹಾಗೆಯೇ. ಮಳೆಗಾಲದಲ್ಲಿ ನೆಲವೆಲ್ಲ ಜೀವರಾಶಿಯಿಂದ ತುಂಬುವುದರಿಂದ ಮುನಿಗಳು ವಿಹಾರ ನಿಲ್ಲಿಸಿ ಚಾತುರ್ಮಾಸದಲ್ಲಿ ಒಂದೆಡೆ ನೆಲೆಸುತ್ತಾರೆ. ಪಶ್ಚಿಮಘಟ್ಟದ ಚಾರಣಕ್ಕೆ ಜನ ಮುಗಿಬೀಳುವುದು ಆ ತಿಂಗಳುಗಳಲ್ಲಿಯೇ! ಸಂಖ್ಯೆಯೂ ಒಂದು ಹಿಂಸೆಯಾಗಬಲ್ಲದು. 2024ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಸಾವಿರಾರು ಮಂದಿ ಒಮ್ಮೆಗೇ ಸೇರಿದುದರಿಂದ, ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಹಾದಿಗಳಲ್ಲಿ ಚಾರಣವನ್ನು ಸರ್ಕಾರ ತಾತ್ಕಾಲಿಕವಾಗಿ ತಡೆಯಬೇಕಾಯಿತು. ಅನುಮತಿಯಿಲ್ಲದ ಅರಣ್ಯದಲ್ಲಾಗಲಿ ತೀರದಲ್ಲಾಗಲಿ ಡೇರೆ ಹಾಕುವುದು ಕಾನೂನಿನ ಉಲ್ಲಂಘನೆ ಮಾತ್ರವಲ್ಲ. ಕೊಡದುದನ್ನು ತೆಗೆದುಕೊಳ್ಳುವ ಅದತ್ತಾದಾನವೂ ಹೌದು.

ಆದುದರಿಂದ ಚಾರಣ ಅನರ್ಥದಂಡವೇ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಗಡಿಯಿಲ್ಲದೆ, ಎಚ್ಚರವಿಲ್ಲದೆ, ಕಂಡವರಿಗೆ ತೋರಿಸಲೆಂದು ಹೋದರೆ ಹೌದು. ಮಿತವಾದ ಸಂಖ್ಯೆಯಲ್ಲಿ, ತಕ್ಕ ಋತುವಿನಲ್ಲಿ, ಅನುಮತಿ ಪಡೆದು, ಬೆಂಕಿಯಿಲ್ಲದೆ ಇದ್ದು, ಒಯ್ದ ಕಸವನ್ನೆಲ್ಲ ಹೊತ್ತು ತಂದರೆ ಅಲ್ಲವೆನ್ನಬಹುದು. ಯುವಶಿಬಿರಗಳನ್ನು ನಡೆಸುವ ಬಸದಿಗಳ ಆಡಳಿತ ಮಂಡಳಿಗಳು ಮಕ್ಕಳನ್ನು ತಡೆಯುವುದಕ್ಕಿಂತ ಈ ನಿಯಮಗಳನ್ನು ಕಲಿಸಿ ಕಳುಹಿಸುವುದು ಲೇಸು. ಹಿಂದಿರುಗಿದ ಮೇಲೆ ಮನೆಯ ಕಪಾಟಿನಲ್ಲಿ ಏನಾದರೂ ಕಡಿಮೆಯಾಯಿತೇ ಎಂದು ಕೇಳುವುದೂ ಹಿರಿಯರ ಕರ್ತವ್ಯ.

ಮಂಗಳೂರಿಗೆ ಸಮೀಪದ ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠೆಗೊಂಡ ಬಾಹುಬಲಿಯ ಮೈಮೇಲೆ ಬಳ್ಳಿ ಹಬ್ಬಿರುವುದನ್ನು ನಾವೆಲ್ಲ ನೋಡಿದ್ದೇವೆ. ಕಾಡಿಗೆ ಹೋದ ಆ ಮಹಾನುಭಾವನು ಕಾಡನ್ನು ತನಗೆ ಬೇಕಾದಂತೆ ಸರಿಮಾಡಿಕೊಳ್ಳಲಿಲ್ಲ. ನಿಶ್ಚಲವಾಗಿ ನಿಂತು ಬಳ್ಳಿಗೆ ಆಸರೆಯಾದನು. ಆ ನಿಲುವು ನಮ್ಮ ಶಕ್ತಿಗೆ ಮೀರಿದುದು. ನಾವು ಮಲಗಿ ಎದ್ದ ಜಾಗ, ನಾವು ಬರುವ ಮೊದಲು ಇದ್ದಂತೆಯೇ ಇರಲಿ ಎಂಬಷ್ಟು ಎಚ್ಚರವಾದರೂ ನಮ್ಮ ಶಕ್ತಿಯೊಳಗಿದೆ.