ಇಂದಿನ ಧಮ್ಮ ಚಿಂತನೆ: ಅಪ್ಪನ ಗಾಡಿ, ನಾಗಸೇನರ ರಥ



ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಮಿಲಿಂದ ಪ್ರಶ್ನೆಯ ರಥದ ಪ್ರಸಂಗ ಓದಿದೆವು. ಮುಗಿದ ಮೇಲೆ ಒಬ್ಬರು ಕೇಳಿದರು: "ರಥ ಅನ್ನೋದು ಬರೀ ಹೆಸರು ಅಂತ ತಿಳಿದುಕೊಂಡರೆ ನಮ್ಮ ಬದುಕಿಗೆ ಏನು ಪ್ರಯೋಜನ?" ನನಗೆ ಉತ್ತರ ಗೊತ್ತಿತ್ತು. ಆದರೆ ಎಲ್ಲರ ಮುಂದೆ ಹೇಳಲು ನಾಚಿಕೆಯಾಯಿತು. ಏಕೆಂದರೆ ಆ ಉತ್ತರ ನಮ್ಮ ಮನೆಯ ಜಗಲಿಯಲ್ಲೇ ನಿಂತಿದೆ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ನಮ್ಮಪ್ಪ ಕೆಇಬಿಯಲ್ಲಿ ಲೈನ್‌ಮ್ಯಾನ್. 1993ರಲ್ಲಿ ಸಾಲ ಮಾಡಿ ಒಂದು ಹಳೆಯ ಯಮಹಾ ಆರ್‌ಎಕ್ಸ್ 100 ಕೊಂಡರು. ಈಗಿನ ಹುಡುಗರಿಗೆ ಗೊತ್ತಿರಲಿ ಎಂದು ಹೇಳುತ್ತೇನೆ. ಈ ಗಾಡಿ ನಮ್ಮ ದೇಶಕ್ಕೆ ಬಂದದ್ದು 1985ರಲ್ಲಿ. ಎಸ್ಕಾರ್ಟ್ಸ್ ಕಂಪನಿ ಜಪಾನಿನ ಯಮಹಾ ಜೊತೆ ಸೇರಿ ತಯಾರಿಸುತ್ತಿತ್ತು. ಮೊದಮೊದಲಿನ ಗಾಡಿಗಳ ಬಿಡಿಭಾಗಗಳು ಜಪಾನಿನಿಂದಲೇ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. ಎಂಜಿನ್ ಬರೀ 98 ಸಿಸಿ, ಶಕ್ತಿ 11 ಅಶ್ವಶಕ್ತಿ. ಗಾಡಿಯ ತೂಕ ನೂರು ಕಿಲೋ ಆಸುಪಾಸು. ಹಗುರ ಮೈ, ಚುರುಕು ಎಂಜಿನ್. ಆಕ್ಸಿಲರೇಟರ್ ತಿರುಗಿಸಿದರೆ ಬಿಲ್ಲಿನಿಂದ ಬಿಟ್ಟ ಬಾಣ. ಟೂ ಸ್ಟ್ರೋಕ್ ಆದ್ದರಿಂದ ಪೆಟ್ರೋಲಿನ ಜೊತೆ ಆಯಿಲನ್ನೂ ಸುಡುತ್ತದೆ, ಹೊಗೆ ಬಿಡುತ್ತದೆ. ಹೊಗೆಯ ನಿಯಮ ಬಿಗಿಯಾಗುತ್ತಿದ್ದಂತೆ 1996ರಲ್ಲಿ ತಯಾರಿಕೆ ನಿಂತಿತು. ಆದರೂ ಇವತ್ತಿಗೂ ಅದರ ಸದ್ದು ಕೇಳಿದರೆ ತಿರುಗಿ ನೋಡದವರು ಕಡಿಮೆ.

ನಮ್ಮ ಕೇರಿಗೆ ಬಂದ ಮೊದಲ ಮೋಟಾರ್ ಸೈಕಲ್ ಅದು. ಕೇರಿಯಿಂದ ಟಾರ್ ರಸ್ತೆಗೆ ಹೋಗಬೇಕಾದರೆ ಮೇಗಲ ಬೀದಿಯನ್ನು ಹಾದೇ ಹೋಗಬೇಕು. ಅಲ್ಲಿ ನಮ್ಮವರು ಸೈಕಲ್ಲಿನಿಂದಲೂ ಇಳಿದು ತಳ್ಳಿಕೊಂಡು ಹೋಗುವ ರೂಢಿ. ಅಪ್ಪ ಮೊದಲ ಒಂದು ವಾರ ಗಾಡಿ ಆಫ್ ಮಾಡಿ, ಇಳಿದು ತಳ್ಳಿದರು. ಎಂಟನೆಯ ದಿನ ಇಳಿಯಲಿಲ್ಲ. ಜೋರಾಗಿಯೂ ಹೋಗಲಿಲ್ಲ. ಎರಡನೇ ಗೇರಿನಲ್ಲಿ, ನಿಧಾನವಾಗಿ, ತಲೆ ಎತ್ತಿಕೊಂಡು ಹೋದರು. ಹಿಂದೆ ನಾನು ಕೂತಿದ್ದೆ. ಆ ತಿಂಗಳು ನಮಗೆ ಅಂಗಡಿಯಲ್ಲಿ ಸಾಮಾನು ಕೊಡಲಿಲ್ಲ. ಅವ್ವ ಬೇರೆ ಊರಿನ ಸಂತೆಯಿಂದ ಅಕ್ಕಿ ಬೇಳೆ ಹೊತ್ತು ತಂದಳು. ಅಪ್ಪ ಮತ್ತೆಂದೂ ಇಳಿದು ತಳ್ಳಲಿಲ್ಲ.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ನೆನಪಿರುತ್ತದೆ. 1901ರಲ್ಲಿ, ಬಾಲಕ ಭೀಮ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ತಂದೆಯನ್ನು ನೋಡಲು ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ, ಇವರ ಜಾತಿ ತಿಳಿದು ಯಾವ ಗಾಡಿಯವನೂ ಬರಲಿಲ್ಲ. ಕೊನೆಗೆ ಒಬ್ಬ ಎರಡರಷ್ಟು ಬಾಡಿಗೆಗೆ ಒಪ್ಪಿದ. ಆದರೆ ಗಾಡಿ ಹೊಡೆಯುವುದು ಮಕ್ಕಳು, ಅವನು ಪಕ್ಕದಲ್ಲಿ ನಡೆದು ಬರುವುದು ಎಂಬ ಷರತ್ತು. 1929ರಲ್ಲಿ, ಬ್ಯಾರಿಸ್ಟರ್ ಆದ ಮೇಲೂ, ಚಾಳೀಸ್‌ಗಾಂವ್‌ನಲ್ಲಿ ಟಾಂಗಾದವನು ಅವರನ್ನು ಕೂರಿಸಿಕೊಂಡು ಹೊಡೆಯಲು ಒಪ್ಪಲಿಲ್ಲ. ಹೊಡೆದು ಅಭ್ಯಾಸವಿಲ್ಲದ ನಮ್ಮವರೇ ಒಬ್ಬರು ಹೊಡೆದರು. ಟಾಂಗಾ ಅಪಘಾತವಾಗಿ ಬಾಬಾಸಾಹೇಬರ ಕಾಲು ಮುರಿಯಿತು. ಗಾಡಿ ಎಂಬುದು ನಮ್ಮವರಿಗೆ ಬರೀ ಓಡಾಟದ ಸಾಧನವಾಗಿರಲಿಲ್ಲ, ಅದು ಮಾನದ ಪ್ರಶ್ನೆಯಾಗಿತ್ತು.

ಅಪ್ಪನ ಗಾಡಿ ಅಪ್ಪನದು ಮಾತ್ರ ಆಗಿರಲಿಲ್ಲ. ಕೀ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಹೆರಿಗೆ ನೋವು, ಹಾವು ಕಡಿತ, ಪರೀಕ್ಷೆ, ಯಾವುದಕ್ಕೇ ಆಗಲಿ, ಓಡಿಸಲು ಬರುವವರು ಯಾರಾದರೂ ತೆಗೆದುಕೊಂಡು ಹೋಗುತ್ತಿದ್ದರು. ಅಪ್ಪ 2011ರಲ್ಲಿ ತೀರಿಕೊಂಡರು. ಗಾಡಿ ಹಿತ್ತಲಿನಲ್ಲಿ ಟಾರ್ಪಾಲಿನ ಕೆಳಗೆ ಹನ್ನೆರಡು ವರ್ಷ ನಿಂತಿತು.

2023ರ ಬೇಸಿಗೆ ರಜೆಯಲ್ಲಿ ಅದನ್ನು ಹೊರಗೆ ಎಳೆದೆ. ಕಿಕ್ಕರ್ ಕಲ್ಲಿನಂತೆ ಬಿಗಿದಿತ್ತು. ಟಯರ್ ಬಿರುಕು ಬಿಟ್ಟಿತ್ತು. ಟ್ಯಾಂಕಿನೊಳಗೆ ತುಕ್ಕು, ಕಾರ್ಬುರೇಟರಿನಲ್ಲಿ ಹಳೆಯ ಪೆಟ್ರೋಲು ಅಂಟಾಗಿ ಕೂತಿತ್ತು. ನಮ್ಮ ಪಟ್ಟಣದ ಹಿರಿಯ ಮೆಕ್ಯಾನಿಕ್ ಭಾಯ್ ಭಾನುವಾರ ಬಂದು ಹೇಳಿಕೊಡುತ್ತಿದ್ದರು, ವಾರವೆಲ್ಲ ನಾನು ಬಿಚ್ಚುತ್ತಿದ್ದೆ, ತೊಳೆಯುತ್ತಿದ್ದೆ. ಟ್ಯಾಂಕಿನೊಳಗೆ ಹಿಡಿ ನಟ್ಟುಗಳನ್ನು ಹಾಕಿ ಕುಲುಕಿ ತುಕ್ಕು ಉದುರಿಸಿದೆ. ಸೈಲೆನ್ಸರಿನಲ್ಲಿ ಕಟ್ಟಿದ್ದ ಕರಿಯನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ತೆಗೆದೆ. ಜೆಟ್ಟಿನ ಸೂಜಿಮೊನೆಯಷ್ಟು ತೂತಿನಲ್ಲಿ ಬೆಳಕು ಕಂಡ ದಿನ ಮಗುವಿನಂತೆ ಕುಣಿದೆ.

ಈ ಎಂಜಿನ್ನಿನಲ್ಲಿ ಪಿಸ್ಟನ್ನಿನ ಅಗಲ 50 ಮಿಲಿಮೀಟರ್. ಸಿಲಿಂಡರ್ ಸವೆದರೆ ಲೇತಿನಲ್ಲಿ ಕಾಲು ಮಿಲಿಮೀಟರ್ ಕೊರೆದು, ಅಷ್ಟೇ ದಪ್ಪಗಿನ ಪಿಸ್ಟನ್ ಹಾಕುತ್ತಾರೆ. ಇದಕ್ಕೆ ರೀಬೋರ್ ಎನ್ನುತ್ತಾರೆ. ಹೀಗೆ ಕೆಲವು ಸಲ ಮಾಡಬಹುದು, ಆಮೇಲೆ ಕೊರೆಯಲು ಜಾಗವಿರುವುದಿಲ್ಲ. ಅಪ್ಪನ ಗಾಡಿಗೆ ಆ ಜಾಗ ಮುಗಿದಿತ್ತು. ಸಿಲಿಂಡರ್ ಬೇರೆ ತಂದೆವು. ಕ್ರ್ಯಾಂಕಿನ ಆಯಿಲ್ ಸೀಲುಗಳು ಒಣಗಿ ಗಟ್ಟಿಯಾಗಿದ್ದವು. ಹಾಗೇ ಬಿಟ್ಟರೆ ಅಲ್ಲಿಂದ ಗಾಳಿ ಎಳೆದುಕೊಂಡು ಎಂಜಿನ್ ಅತಿಯಾಗಿ ಕಾದು ಹಾಳಾಗುತ್ತದೆ. ಅವನ್ನೂ ಬದಲಿಸಿದೆವು. ಬೇರಿಂಗ್, ಕ್ಲಚ್ ಪ್ಲೇಟ್, ಕೇಬಲ್, ವೈರಿಂಗ್, ಸೀಟು, ಟಯರ್ ಎಲ್ಲವೂ ಹೊಸದು. ದಸರಾ ರಜೆಯ ಹೊತ್ತಿಗೆ ಗಾಡಿ ಎದ್ದು ನಿಂತಿತು. ನಾಲ್ಕನೇ ಕಿಕ್ಕಿಗೆ ಸದ್ದು ಬಂತು. ಅವ್ವ ಒಳಗಿನಿಂದ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ಬಂದಳು.

ಹಾಗಾದರೆ ಇದು ಅಪ್ಪನ ಗಾಡಿಯೇ?

ಮಿಲಿಂದ ರಾಜ ಗ್ರೀಕ್ ಮೂಲದವನು, ಸಾಗಲ ನಗರದಿಂದ ಆಳಿದವನು. ಭಂತೆ ನಾಗಸೇನರ ಬಳಿಗೆ ರಥದಲ್ಲಿ ಬಂದಿದ್ದ. ನಾಗಸೇನರು ಕೇಳಿದರು: ಈ ಅಚ್ಚು ರಥವೇ? ಚಕ್ರ ರಥವೇ? ನೊಗ ರಥವೇ? ಅಲ್ಲ ಎಂದ ರಾಜ. ಇವೆಲ್ಲದರ ಹೊರಗೆ ರಥವೆಂಬುದು ಬೇರೆ ಇದೆಯೇ? ಅದೂ ಇಲ್ಲ ಎಂದ. ಹಾಗಾದರೆ ಇವೆಲ್ಲ ಕೂಡಿದಾಗ ನಾವು ಇಟ್ಟುಕೊಂಡ ಹೆಸರು ರಥ. ಮನುಷ್ಯನೂ ಹಾಗೆಯೇ, ಒಳಗೆ ಬದಲಾಗದ ಆತ್ಮವೆಂಬುದು ಯಾವುದೂ ಕುಳಿತಿಲ್ಲ. ಬಾಬಾಸಾಹೇಬರು 1950ರಲ್ಲಿ ಔರಂಗಾಬಾದಿನಲ್ಲಿ ಆರಂಭಿಸಿದ ಕಾಲೇಜಿಗೆ ಮಿಲಿಂದನ ಹೆಸರಿದೆ, ಅದರ ಆವರಣ ನಾಗಸೇನವನ. ಪ್ರಶ್ನೆ ಕೇಳುವವನನ್ನೂ ಉತ್ತರ ಕೊಡುವವರನ್ನೂ ಒಟ್ಟಿಗೆ ಗೌರವಿಸಿದ ಹೆಸರುಗಳಿವು.

ಆರ್‌ಟಿಒ ಕಚೇರಿಗೆ ಈ ತತ್ವ ನಡೆಯುವುದಿಲ್ಲ. ಅಲ್ಲಿ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ನಂಬರ್ ಸರಿಯಿದ್ದರೆ ಅದೇ ಗಾಡಿ. ದಾಖಲೆಗೆ ಅದು ಬೇಕು, ತಪ್ಪಲ್ಲ. ತೊಂದರೆ ಬರುವುದು ಆ ನಂಬರಿನಲ್ಲೇ ಗಾಡಿಯ ಬೆಲೆ ಇದೆ ಎಂದುಕೊಂಡಾಗ.

ಗಾಡಿಯ ಫೋಟೊ ನೋಡಿ ಬೆಂಗಳೂರಿನಿಂದ ಒಬ್ಬರು ಬಂದರು. ಹಳೆಯ ಆರ್‌ಎಕ್ಸ್ ಗಾಡಿಗಳನ್ನು ಕೂಡಿಸಿಡುವವರು. ಟಾರ್ಚ್ ಹಿಡಿದು ಎಂಜಿನ್ನಿನ ಒಂದೊಂದು ಭಾಗದ ಮೇಲೂ ಜಪಾನಿನ ಗುರುತು ಹುಡುಕಿದರು. ಕೊನೆಗೆ ಎದ್ದು ಹೇಳಿದರು: "ಗಾಡಿ ಚೆನ್ನಾಗಿ ಓಡುತ್ತೆ ಸಾರ್. ಆದರೆ ಮಿಕ್ಸ್ ಆಗಿದೆ. ಪ್ಯೂರ್ ಜಪಾನ್ ಆಗಿದ್ದರೆ ನೀವು ಕೇಳಿದಷ್ಟು ಕೊಡ್ತಿದ್ದೆ."

ಮಿಕ್ಸ್, ಪ್ಯೂರ್. ಈ ಮಾತುಗಳನ್ನು ನಾವು ಎಲ್ಲೆಲ್ಲಿ ಕೇಳಿದ್ದೇವೆ ಎಂದು ನಿಮಗೆ ಹೇಳಬೇಕಾಗಿಲ್ಲ. ಹುಟ್ಟಿದ ಜಾಗದಿಂದ ಬೆಲೆ, ಮಾಡುವ ಕೆಲಸದಿಂದಲ್ಲ. ಭಗವಾನ್ ಬುದ್ಧರು ಹುಟ್ಟಿನಿಂದ ಯಾರೂ ನೀಚನಲ್ಲ, ನಡತೆಯಿಂದಷ್ಟೇ ಎಂದು ಬೋಧಿಸಿದ್ದನ್ನು ಶಾಲೆಯಲ್ಲಿ ನಾನೇ ಮಕ್ಕಳಿಗೆ ಹೇಳುತ್ತೇನೆ. ಆದರೂ ಅವರು ಹೋದ ಮೇಲೆ ಏನು ಮಾಡಿದೆ ಗೊತ್ತೇ? ಶಿವಾಜಿನಗರದ ಗುಜರಿಗೆ ಹೋಗಿ ಜಪಾನಿನ ಗುರುತಿರುವ ಬಿಡಿಭಾಗ ಹುಡುಕತೊಡಗಿದೆ. ಚೆನ್ನಾಗಿ ಓಡುತ್ತಿದ್ದ ಕಾರ್ಬುರೇಟರ್ ತೆಗೆದು ಜಪಾನಿನದು ಎಂದು ಹೇಳಿ ಮಾರಿದ್ದನ್ನು ಹಾಕಿದೆ. ಅದು ಪೆಟ್ರೋಲ್ ಸೋರಿಸಿತು. ರಾತ್ರಿ ಎದ್ದು ಗಾಡಿ ಒರೆಸುತ್ತಿದ್ದೆ. ಕೇರಿಯ ಮಕ್ಕಳು ಟ್ಯಾಂಕಿನ ಮೇಲೆ ಕೈಯಿಟ್ಟರೆ "ಏಯ್, ಮುಟ್ಟಬೇಡ್ರೋ" ಎಂದು ಕೂಗುತ್ತಿದ್ದೆ. ಕೀ ಮೊಳೆಯಿಂದ ಇಳಿದು ನನ್ನ ಬೀರು ಸೇರಿತು.

ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಹುಡುಗ ಓಡಿಬಂದ. ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆ, ಕೇಂದ್ರ ಜಿಲ್ಲಾ ಪಟ್ಟಣದಲ್ಲಿ, ಬಸ್ಸು ತಪ್ಪಿತ್ತು. ಲೈಸೆನ್ಸ್ ಇತ್ತು, ಕೈಯಲ್ಲಿ ಹೆಲ್ಮೆಟ್ ಇತ್ತು. "ಮಾವ, ಗಾಡಿ ಕೊಡ್ತೀರಾ?" ಎಂದ. "ಕ್ಲಚ್ ಕೇಬಲ್ ಹೋಗಿದೆ ಕಣಪ್ಪ" ಎಂದೆ. ಹಿಂದಿನ ಸಂಜೆ ನಾನು ಅದೇ ಗಾಡಿಯಲ್ಲಿ ಅವನ ಎದುರೇ ಸುತ್ತಾಡಿ ಬಂದಿದ್ದೆ. ಅವನು ಗಾಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೊರಟುಹೋದ. ಯಾರದೋ ಲಗೇಜ್ ಆಟೊ ಹತ್ತಿ ಹೋದನಂತೆ. ತಲುಪುವಷ್ಟರಲ್ಲಿ ಗೇಟು ಹಾಕಿತ್ತಂತೆ.

ಆ ರಾತ್ರಿ ಊಟ ಬಡಿಸುತ್ತಾ ಅವ್ವ ಹೇಳಿದಳು: "ನಿಮ್ಮಪ್ಪ ಇದ್ದಿದ್ರೆ ಪೆಟ್ರೋಲ್‌ಗೆ ಕಾಸೂ ಕೊಟ್ಟು ಕಳಿಸೋರು ಕಣಪ್ಪ. ಮೇಗಲ ಬೀದಿಯೋರು ಮುಟ್ಟಬ್ಯಾಡಿ ಅಂತಿದ್ರು. ಈಗ ನೀನೂ ಅಂಗೇ ಅಂತೀಯಲ್ಲ."

ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಬಂಧುಗಳೇ, ನಾನು ಆ ದಿನ ಪಂಚಶೀಲದ ನಾಲ್ಕನೆಯ ಶೀಲ ಮುರಿದೆ. ಬಾಬಾಸಾಹೇಬರು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲೂ ಸುಳ್ಳು ಹೇಳುವುದಿಲ್ಲ ಎಂಬುದಿದೆ. ಆದರೆ ಸುಳ್ಳು ಬಾಯಿಗೆ ಬರುವ ಮೊದಲೇ ಇನ್ನೊಂದು ನಡೆದುಹೋಗಿತ್ತು. ಹೆಸರಷ್ಟೇ ಆದ ವಸ್ತುವನ್ನು ನಾನು ಆತ್ಮ ಮಾಡಿಕೊಂಡಿದ್ದೆ. ಅಪ್ಪ ಆ ತಗಡಿನಲ್ಲಿದ್ದಾರೆ ಎಂದುಕೊಂಡಿದ್ದೆ. ಅಪ್ಪ ಇದ್ದದ್ದು ಪಿಸ್ಟನ್ನಿನಲ್ಲಲ್ಲ, ಜಪಾನಿನ ಗುರುತಿನಲ್ಲಲ್ಲ, ಚಾಸಿ ನಂಬರಿನಲ್ಲೂ ಅಲ್ಲ. ಬಾಗಿಲ ಪಕ್ಕದ ಮೊಳೆಗೆ ಕೀ ನೇತುಹಾಕುವ ಕೆಲಸದಲ್ಲಿದ್ದರು. ಗಾಡಿಯ ಎಲ್ಲ ಭಾಗ ಸರಿಮಾಡಿ, ಆ ಒಂದನ್ನೇ ಮರೆತಿದ್ದೆ.

ಅನತ್ತ ಎಂದರೆ ಏನೂ ಇಲ್ಲ, ಯಾವುದಕ್ಕೂ ಬೆಲೆಯಿಲ್ಲ ಎಂದಲ್ಲ. ನಾಗಸೇನರು ರಥ ಸುಳ್ಳು, ನಡೆದು ಹೋಗು ಎನ್ನಲಿಲ್ಲ. ಬಿಗಿಹಿಡಿಯಲು ಅಲ್ಲಿ ಏನೂ ಇಲ್ಲ ಎಂದು ತೋರಿಸಿದರು. ಬಿಗಿಹಿಡಿಯುವುದು ಬಿಟ್ಟರೆ ಜೋಪಾನ ಮಾಡುವುದು ಬಿಡಬೇಕಿಲ್ಲ. ತುಕ್ಕು ತೆಗೆಯಬೇಕು, ಸೀಲು ಬದಲಿಸಬೇಕು, ಆಯಿಲ್ ಹಾಕಬೇಕು. ಆದರೆ ಯಾತಕ್ಕೆ? ಓಡುವುದಕ್ಕೆ, ಯಾರನ್ನಾದರೂ ಎಲ್ಲಿಗಾದರೂ ತಲುಪಿಸುವುದಕ್ಕೆ.

ಬಾಬಾಸಾಹೇಬರು ಮಾಡಿದ್ದೂ ಇದನ್ನೇ ಎಂದು ನನಗೆ ಅನ್ನಿಸುತ್ತದೆ. ಈ ನೆಲದಲ್ಲಿ ಮೂಲೆ ಸೇರಿದ್ದ ಧಮ್ಮವನ್ನು ಅವರು ಕೈಗೆತ್ತಿಕೊಂಡರು. 'ಬುದ್ಧ ಮತ್ತು ಆತನ ಧಮ್ಮ'ದ ಮುನ್ನುಡಿಯಲ್ಲೇ ಪ್ರಶ್ನೆ ಎತ್ತಿದರು: ಸಿದ್ಧಾರ್ಥ ಮನೆ ಬಿಟ್ಟ ಕಾರಣವಾಗಿ ಹೇಳುವ ಕಥೆ ನಂಬುವಂಥದ್ದೇ? ಆತ್ಮವಿಲ್ಲದಿದ್ದರೆ ಪುನರ್ಜನ್ಮ ಹೇಗೆ? ಭಿಕ್ಕು ಇರುವುದು ತನ್ನ ಮೋಕ್ಷಕ್ಕೋ, ಜನರ ಸೇವೆಗೋ? ಹಳೆಯದು ಎಂಬ ಕಾರಣಕ್ಕೇ ಯಾವುದನ್ನೂ ಇಟ್ಟುಕೊಳ್ಳಲಿಲ್ಲ. 1956ರ ಅಕ್ಟೋಬರ್ 14ರಂದು ಲಕ್ಷಾಂತರ ಜನರ ಕೈಗೆ ಅದನ್ನು ಕೊಟ್ಟರು. ಇದು ಶುದ್ಧ ಬೌದ್ಧಧರ್ಮವಲ್ಲ, ಬೆರಕೆ ಎಂದು ಇವತ್ತಿಗೂ ಹೇಳುವವರಿದ್ದಾರೆ. ಟಾರ್ಚ್ ಹಿಡಿದು ಬಂದವರ ಮಾತೂ ಅದೇ ಆಗಿತ್ತಲ್ಲವೇ? ಅವರಿಗೆ ನಮ್ಮ ಉತ್ತರ ಸರಳ. ಇದು ನಮ್ಮನ್ನು ತಲೆ ಎತ್ತಿ ನಡೆಸಿದೆ.

ಮಾರನೆಯ ದಿನ ಆ ಹುಡುಗನ ಮನೆಗೆ ಹೋದೆ. "ಕೇಬಲ್ ಹೋಗಿರಲಿಲ್ಲ, ನಾನು ಸುಳ್ಳು ಹೇಳಿದೆ" ಎಂದೆ. ಅವನು ತಲೆ ಎತ್ತದೆ "ಗೊತ್ತಿತ್ತು ಮಾವ" ಎಂದ. ಅಷ್ಟೇ. ಕ್ಷಮಿಸಿದೆ ಎನ್ನಲಿಲ್ಲ, ನಾನು ಕೇಳುವ ಹಾಗೂ ಇರಲಿಲ್ಲ. ಅವನು ಕಳೆದುಕೊಂಡ ದಿನವನ್ನು ನಾನು ಯಾವ ಗುಜರಿಯಿಂದಲೂ ತಂದುಕೊಡಲಾರೆ.

ಕೀ ಈಗ ಮತ್ತೆ ಮೊಳೆಯಲ್ಲಿದೆ. ಹಳೆಯ ಕಾರ್ಬುರೇಟರನ್ನೇ ತಿರುಗಿ ಹಾಕಿದ್ದೇನೆ. ಮೊದಲ ಎರಡು ತಿಂಗಳು ಆ ಹುಡುಗ ನಮ್ಮ ಮನೆಯ ಕಡೆ ಬರಲಿಲ್ಲ. ಒಂದು ದಿನ ಬಂದು, ಏನೂ ಹೇಳದೆ ಕೀ ತೆಗೆದುಕೊಂಡು ಅವರಜ್ಜಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ತಿರುಗಿ ತಂದಾಗ ಟ್ಯಾಂಕಿನ ಎಡಗಡೆ ಒಂದು ಗೆರೆ ಬಿದ್ದಿತ್ತು. ನೋಡಿದೊಡನೆ ಹೊಟ್ಟೆಯೊಳಗೆ ಏನೋ ಚುರ್ ಎಂದಿತು, ಸುಳ್ಳು ಹೇಳುವುದಿಲ್ಲ. ಆ ಚುರ್ ಎನ್ನುವುದನ್ನು ನೋಡುತ್ತಾ ಸುಮ್ಮನೆ ನಿಂತೆ. ಸ್ವಲ್ಪ ಹೊತ್ತಿಗೆ ಅದೂ ಹೋಯಿತು. ಗೆರೆಯನ್ನು ಹಾಗೇ ಬಿಟ್ಟಿದ್ದೇನೆ.

ಇಂದು ಸಂಜೆ ಐದು ನಿಮಿಷ ಕುಳಿತು ಯೋಚಿಸೋಣ: ನಮ್ಮ ಮನೆಯಲ್ಲಿ, ನಮ್ಮ ಮನಸ್ಸಿನಲ್ಲಿ, ನಾವು ಇನ್ನೊಬ್ಬರಿಗೆ "ಮುಟ್ಟಬೇಡ" ಎಂದು ಹೇಳಿ ಇಟ್ಟುಕೊಂಡಿರುವುದು ಏನು?

ಓದಿ, ಮನೆಯವರೊಂದಿಗೆ ಚರ್ಚಿಸಿ. ಮುಂದಿನ ಭಾನುವಾರದ ಬಳಗದಲ್ಲಿ ಸಿಗೋಣ.

ನಮೋ ಬುದ್ಧಾಯ. ಜೈ ಭೀಮ್.