ದಾರಿಯ ಬುತ್ತಿ

ಸ್ಪೇನ್ ದೇಶದ ನುಡಿಯಲ್ಲಿ ‘ವಿಯಾತಿಕೊ’ ಎಂಬ ನಾಮಪದವೊಂದುಂಟು. ದಾರಿಯ ಬುತ್ತಿಯೆಂಬುದು ಅದರ ವಾಚ್ಯಾರ್ಥ. ಮರಣೋನ್ಮುಖನಿಗೆ ಕ್ರೈಸ್ತ ಪಾದ್ರಿಯು ಕೊಡುವ ಕಡೆಯ ಪ್ರಸಾದವೆಂಬುದು ಲಕ್ಷ್ಯಾರ್ಥ. ಮುಪ್ಪಿನಲ್ಲಿ ಇದನ್ನು ಕಲಿತ ನನಗೆ ಸಂಸ್ಕೃತದ ‘ಪಾಥೇಯ’ವು ನೆನಪಾಯಿತು. ನಾವೂ ಪುಣ್ಯವನ್ನು ಪರಲೋಕದ ಬುತ್ತಿಯೆನ್ನುವೆವು. ಆದರೆ ಅದನ್ನು ತಾನೇ ಕಟ್ಟಿಕೊಳ್ಳಬೇಕೆನ್ನುವೆವು. ವಿಯಾತಿಕೊವಾದರೋ ಪರರ ಕೈಯಿಂದ ಬರತಕ್ಕದ್ದು. ಇವೆರಡರಲ್ಲಿ ಯಾವುದು ದಿಟ?

ಕಡಗಂಚಿಯ ಹೊಲಗಳಿಗೆ ಹೋಗುವವರಿಗಾಗಿ ನನ್ನ ತಾಯಿ ನಸುಕಿನಲ್ಲೆದ್ದು ಜೋಳದ ರೊಟ್ಟಿ ಬಡಿದು ಬುತ್ತಿ ಕಟ್ಟುತ್ತಿದ್ದಳು. ಆಕೆ ಕಡೆಯ ದಾರಿ ಹಿಡಿದಾಗ ನಾನು ಪರಸ್ಥಳದಲ್ಲಿದ್ದೆನು. ಬಾಯಿಗೆ ನೀರು ಬಿಡುವ ಭಾಗ್ಯವೂ ಒದಗಲಿಲ್ಲ. ಬರಿಗೈಯಲ್ಲಿ ಕಳುಹಿದೆನೆಂದು ಬಹುಕಾಲ ಕೊರಗಿದೆನು. ಈಗ ನನಗೆ ತೋರುವುದಿಷ್ಟು: ಅನ್ಯರಿಗೆಂದು ಕಟ್ಟಿದ ಬುತ್ತಿಯೇ ಕಟ್ಟಿದವರ ಪಾಥೇಯವು. ಆಕೆ ಬರಿಗೈಯಲ್ಲಿ ಹೋಗಲಿಲ್ಲ. ನನ್ನ ಗಂಟಿನಲ್ಲೇನಿದೆಯೆಂಬುದನ್ನು ನಾನು ನೋಡಿಕೊಳ್ಳಬೇಕಾಗಿದೆ.